ಪಲ್ಲಕ್ಕಿ ಹೊರಡುವ ಮೊದಲೇ ಮುಗಿಯುವ ನಡಿಗೆ

ಜುಲೈ ತಿಂಗಳಿಡೀ ನಡೆಯುವ ಕ್ಯೋಟೋದ ಗಿಯೋನ್ ಹಬ್ಬಕ್ಕೆ ಬರುವ ಹೊರನಾಡಿನವರಲ್ಲಿ ಅನೇಕರು ಈಗ ಗೈಡ್ ಹಿಂದೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ತೇರುಗಳ ಮೆರವಣಿಗೆಗೆ ಮುಂಚಿನ ಸಂಜೆಗಳಲ್ಲಿ ಶಿಜೊ, ಮುರೊಮಾಚಿ, ಶಿನ್‌ಮಾಚಿ ಬೀದಿಗಳಲ್ಲಿ ಎರಡು ಮೂರು ಗಂಟೆ ಸುತ್ತಾಟ. ಇದು ಒಳ್ಳೆಯ ಪದ್ಧತಿ. ದುಡ್ಡು ತೆತ್ತು ಬಿಸಿಲಲ್ಲಿ ಕುರ್ಚಿ ಹಿಡಿದವರ ಮುಂದೆ ತೇರುಗಳು ಹಾದುಹೋಗುತ್ತವೆ, ಅಷ್ಟೆ. ನಡೆದವರಿಗೆ ಪ್ರತಿ ತೇರೂ ಒಂದು ಕೇರಿಯ ಸೊತ್ತು, ಆ ಕೇರಿಯವರ ಹೊಣೆ ಎಂಬುದು ಮನದಟ್ಟಾಗುತ್ತದೆ.

ತೇರು ಕಟ್ಟುವುದನ್ನು ವಿವರಿಸುವಾಗ ಈ ನಡಿಗೆಗಳು ತಮ್ಮ ಬೆಲೆ ತೋರುತ್ತವೆ. ದೊಡ್ಡ ‘ಹೊಕೊ’ ತೇರು ಸುಮಾರು 25 ಮೀಟರ್ ಎತ್ತರ, ಹತ್ತಿರ ಹತ್ತಿರ 12 ಟನ್ ತೂಕ. ಅದರ ಮರದ ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ. ಹುಲ್ಲಿನ ಹಗ್ಗವನ್ನು ಸುತ್ತು ಸುತ್ತು ಬಿಗಿಯುತ್ತಾರೆ. ತೇರು ಓಲಾಡಿದಾಗ ಆ ಕಟ್ಟು ಬಳುಕಿ ತಾಳಿಕೊಳ್ಳುತ್ತದೆ. ಗಾಲಿಗಳೂ ಎಡಬಲಕ್ಕೆ ತಿರುಗುವಂಥವಲ್ಲ. ಮೂಲೆ ಬಂದಾಗ ನೆಲಕ್ಕೆ ಸೀಳಿದ ಹಸಿ ಬಿದಿರು ಹಾಸಿ, ನೀರು ಸುರಿದು, ಇಡೀ ತೇರನ್ನು ಪಕ್ಕಕ್ಕೆ ಜಾರಿಸಿ ಎಳೆಯುತ್ತಾರೆ. ಬಲ್ಲ ಗೈಡ್ ಹಗ್ಗದ ಗಂಟಿನ ಎದುರು ನಿಲ್ಲಿಸಿ ಇದನ್ನು ಹೇಳಿದರೆ, ಮರುದಿನದ ಮೆರವಣಿಗೆ ನೋಡುವ ಕಣ್ಣೇ ಬೇರೆ.

ಅಲಂಕಾರದ ಬಟ್ಟೆಗಳ ವಿಷಯಕ್ಕೆ ಬಂದರೆ ಈ ಎಚ್ಚರ ಸಡಿಲಾಗುತ್ತದೆ. ಕಾಂಕೊ ತೇರಿನ ಮುಂಭಾಗದ ಬೆಲ್ಜಿಯಂ ನೇಯ್ಗೆ, ಬೈಬಲ್ಲಿನ ರೆಬೆಕ್ಕಳು ನೀರು ಕೊಡುವ ಚಿತ್ರ, ಎಲ್ಲರ ಬಾಯಲ್ಲೂ ಇದೆ. ಆದರೆ ಬೇರೆ ತೇರುಗಳ ಹಳೆಯ ಜಮಖಾನೆಗಳಲ್ಲಿ ಕೆಲವನ್ನು ವಿದ್ವಾಂಸರು ನಮ್ಮ ದಖನ್ನಿನ ಮಗ್ಗದವೆಂದು ಗುರುತಿಸಿದ್ದಾರೆ. ಡಚ್ಚರ ಹಡಗುಗಳಲ್ಲಿ ಜಪಾನಿಗೆ ಹೋದ ಸರಕು ಅದು. ಅದನ್ನೆಲ್ಲ ‘ವಿದೇಶಿ ಕಂಬಳಿ’ ಎಂದು ಒಂದೇ ಉಸಿರಲ್ಲಿ ಮುಗಿಸುವುದು ಅನ್ಯಾಯ. ಹೆಂಗಸರ ವಿಷಯದಲ್ಲೂ ಇದೇ ಸಡಿಲು. ಮೆರವಣಿಗೆಯ ಮೊದಲ ತೇರಾದ ನಗಿನಾತಾ ಹೊಕೊ ಮೇಲೆ ಹೆಣ್ಣುಮಕ್ಕಳು ಇಂದಿಗೂ ಹತ್ತುವಂತಿಲ್ಲ. ಇನ್ನು ಕೆಲವು ತೇರುಗಳಲ್ಲಿ ಹೆಂಗಸರೂ ವಾದ್ಯ ನುಡಿಸುತ್ತಾರೆ. ಈ ಭೇದವನ್ನೂ ‘ಸಂಪ್ರದಾಯ’ ಎಂದು ದಾಟಿಸಿಬಿಡಬಾರದು.

ನನ್ನ ದೊಡ್ಡ ತಕರಾರು ಇರುವುದು ನಡಿಗೆ ತೇರುಗಳಲ್ಲೇ ಮುಗಿಯುವುದರ ಬಗ್ಗೆ. 869ರಲ್ಲಿ ಸಾಂಕ್ರಾಮಿಕ ಹಬ್ಬಿದಾಗ, ನಾಡಿನ ಪ್ರಾಂತಕ್ಕೊಂದರಂತೆ 66 ಈಟಿಗಳನ್ನು ನಿಲ್ಲಿಸಿ ಮಾಡಿದ ಶಾಂತಿಯಿಂದ ಈ ಹಬ್ಬ ಬೆಳೆಯಿತು ಎನ್ನುತ್ತಾರೆ. ತೇರುಗಳ ಕೆಲಸ ಬೀದಿಯ ಮಾರಿಯನ್ನು ತಮ್ಮತ್ತ ಸೆಳೆದು ದಾರಿ ಶುದ್ಧ ಮಾಡುವುದು. ಅದಕ್ಕೇ ಜುಲೈ 17ರ ಮೆರವಣಿಗೆ ಮುಗಿದು ಕೇರಿಗೆ ಮರಳಿದ ಕೂಡಲೇ ಅವುಗಳನ್ನು ಬಿಚ್ಚಿಹಾಕುತ್ತಾರೆ. ಅಂದು ಸಂಜೆ ಯಸಾಕ ದೇವಾಲಯದಿಂದ ದೇವರ ಮೂರು ಪಲ್ಲಕ್ಕಿಗಳು ಜನರ ಹೆಗಲೇರಿ ಹೊರಟು, ಶಿಜೊ ಬೀದಿಯ ತಂಗುಗುಡಿಯಲ್ಲಿ ಒಂದು ವಾರ ಇದ್ದು, 24ರ ರಾತ್ರಿ ಹಿಂತಿರುಗುತ್ತವೆ. ತೇರುಗಳು ಮುಂಚೂಣಿಯವು, ಬರುವ ಯಜಮಾನ ದೇವರು. ಕೊರೊನಾದಿಂದ 2020ರಲ್ಲಿ ತೇರಿನ ಮೆರವಣಿಗೆ ನಿಂತಿತು, ಪಲ್ಲಕ್ಕಿ ಹೊರುವುದೂ ನಿಂತಿತು. ಆದರೂ ದೇವರ ಸಾನ್ನಿಧ್ಯವನ್ನು ಕುದುರೆಯ ಬೆನ್ನ ಮೇಲಿರಿಸಿ ಬೀದಿಗೆ ತಂದರು. ಹಬ್ಬದ ಜೀವ ಎಲ್ಲಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಬಟ್ಟೆ, ಮರ, ತೂಕ, ಎತ್ತರಗಳನ್ನೇ ತೋರಿಸಿ ಬೀಳ್ಕೊಡುವ ನಡಿಗೆ ಯಾತ್ರಿಕರನ್ನು ವಸ್ತುಸಂಗ್ರಹಾಲಯದಿಂದ ವಾಪಸು ಕಳಿಸಿದಂತೆ.

ಇದನ್ನು ತಿದ್ದುವುದು ಕಷ್ಟವಲ್ಲ. 17ರ ಮಧ್ಯಾಹ್ನ ಶಿನ್‌ಮಾಚಿಯಲ್ಲಿ ತೇರು ಬಿಚ್ಚುವುದರಿಂದ ನಡಿಗೆ ಶುರುವಾಗಲಿ, ಸಂಜೆ ಯಸಾಕದ ಮೆಟ್ಟಿಲ ಬಳಿ ಪಲ್ಲಕ್ಕಿಗಳ ನಡುವೆ ಮುಗಿಯಲಿ. ಆ ದಿನದ ನೂಕುನುಗ್ಗಲು ಬೇಡವೆನ್ನುವವರಿಗೆ, 24ರಂದು ನಡೆಯುವ ತೇರುಗಳ ಎರಡನೆಯ ಮೆರವಣಿಗೆಯ ಹಿಂದಿನ ಸಂಜೆಗಳಿವೆ. ಸುಮಾರು ಅರ್ಧ ಶತಮಾನ ಮೊದಲ ಮೆರವಣಿಗೆಯೊಳಗೇ ಸೇರಿಹೋಗಿದ್ದ ಈ ಎರಡನೆಯ ಮೆರವಣಿಗೆ 2014ರಲ್ಲಿ ಮತ್ತೆ ಬೇರೆಯಾಯಿತು. ತೇರುಗಳು ಕಡಿಮೆ, ಜನವೂ ಕಡಿಮೆ. ಕೇರಿಯ ಹಿರಿಯರಿಗೆ ನಿಂತು ಮಾತಾಡಲು ಪುರುಸೊತ್ತಿರುತ್ತದೆ.