ಸೆನ್ಸ್, ಸೆನ್ಸಿಬಲ್, ಸೆನ್ಸಿಬಿಲಿಟಿ: ಒಂದು ಪದಕುಟುಂಬದ ಅರ್ಥವಿಚಾರ

ಜೇನ್ ಆಸ್ಟೆನ್ ಎಂಬ ಆಂಗ್ಲ ಕಾದಂಬರಿಕರ್ತ್ರಿಯು 1811ರಲ್ಲಿ ಪ್ರಕಟಪಡಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಎಂಬ ಗ್ರಂಥದ ಹೆಸರನ್ನು ತರಗತಿಗಳಲ್ಲಿ ವಿವರಿಸುವಾಗ, ಮೊದಲನೆಯ ಮಾತಿಗೆ ವಿವೇಕವೆಂದೂ ಎರಡನೆಯದಕ್ಕೆ ಭಾವುಕತೆಯೆಂದೂ ಅರ್ಥ ಹೇಳಿ, ಅಕ್ಕನಾದ ಎಲಿನರಳು ವಿವೇಕದ ಮೂರ್ತಿ, ತಂಗಿಯಾದ ಮೇರಿಯಾನಳು ಭಾವುಕತೆಯ ಮೂರ್ತಿ ಎಂದು ಮುಗಿಸಿಬಿಡುವ ಪದ್ಧತಿಯುಂಟು. ಈ ವಿವರಣೆಯು ಪೂರ್ತಿ ತಪ್ಪೆನ್ನಲಾಗದು. ಆದರೆ ಇದರಿಂದ ಒಂದು ದೊಡ್ಡ ನಷ್ಟವಿದೆ. ವಿವೇಕ, ಭಾವುಕತೆ ಎಂಬವು ಕನ್ನಡದ ಕಿವಿಗೆ ಒಂದಕ್ಕೊಂದು ಯಾವ ನಂಟೂ ಇಲ್ಲದ ಮಾತುಗಳು. ಇಂಗ್ಲಿಷಿನಲ್ಲಾದರೋ ಅವು ಒಂದೇ ಬಸುರಿನಲ್ಲಿ ಹುಟ್ಟಿದವು; ಕಥೆಯೊಳಗಿನ ಅಕ್ಕತಂಗಿಯರ ಸಂಬಂಧವೇ ಹೆಸರಿನ ಪದಗಳಲ್ಲಿಯೂ ಅಡಗಿದೆ. ಆ ಒಡಹುಟ್ಟನ್ನು ಮರೆತು ಓದಿದರೆ ಈ ಕಾದಂಬರಿಯು ಒಂದು ಸಾಧಾರಣ ನೀತಿಕಥೆಯ ಮಟ್ಟಕ್ಕೆ ಇಳಿದುಹೋಗುವುದು.

ಈ ಪದಕುಟುಂಬದ ಮೂಲವು ಲ್ಯಾಟಿನ್ನಿನ ‘ಸೆಂಟೀರೆ’ ಎಂಬ ಧಾತು. ಮುಟ್ಟಿ ಅರಿಯುವುದು, ಅನುಭವಿಸುವುದು, ಅಭಿಪ್ರಾಯಪಡುವುದು ಎಂಬ ಅರ್ಥಗಳೆಲ್ಲವೂ ಅದಕ್ಕೆ ಸಲ್ಲುತ್ತವೆ. ಅದರಿಂದ ಬಂದ ‘ಸೆನ್ಸ್’ ಎಂಬುದು ಇಂಗ್ಲಿಷಿನಲ್ಲಿ ಕಣ್ಣು ಕಿವಿ ಮೊದಲಾದ ಇಂದ್ರಿಯಶಕ್ತಿಗೂ, ಮಾತಿನ ಅರ್ಥಕ್ಕೂ, ತಿಳಿವಳಿಕೆಗೂ ಹೆಸರಾಗಿದೆ. ನಮ್ಮ ‘ಅರಿವು’ ಎಂಬ ಮಾತು ಈ ಹರಹಿಗೆ ಬಹುಮಟ್ಟಿಗೆ ಸಮೀಪವಾದುದು: ಮೈಮೇಲೆ ಅರಿವಿಲ್ಲದೆ ಬಿದ್ದವನೂ ಉಂಟು, ಅರಿವುಗೆಟ್ಟು ನಡೆದವನೂ ಉಂಟು, ಒಬ್ಬನಲ್ಲಿ ಇಲ್ಲದಿರುವುದು ಸ್ಪರ್ಶಜ್ಞಾನ, ಮತ್ತೊಬ್ಬನಲ್ಲಿ ಇಲ್ಲದಿರುವುದು ವಿವೇಚನೆ. ಎರಡಕ್ಕೂ ಒಂದೇ ಮಾತನ್ನು ಬಳಸುವ ನಾವು ಇಂಗ್ಲಿಷರ ಈ ರೂಢಿಯನ್ನು ಕಂಡು ಬೆರಗಾಗಬೇಕಾದುದಿಲ್ಲ.

ಷೇಕ್ಸ್‌ಪಿಯರನು ಈ ಇಬ್ಬಂದಿಯನ್ನು ನಾಟಕಕ್ಕೆ ದುಡಿಸಿಕೊಂಡ ರೀತಿ ಗಮನಾರ್ಹವಾದುದು. ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಇಸಬೆಲ್ಲಳು ತನ್ನ ತಮ್ಮನ ಪ್ರಾಣಕ್ಕಾಗಿ ಆಂಜೆಲೋವಿನ ಮುಂದೆ ವಾದಿಸುತ್ತಾಳೆ. ಆಗ ಅವನು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿನಲ್ಲಿ ‘ಸೆನ್ಸ್’ ಎಂಬುದು ಎರಡು ಸಲ ಬರುತ್ತದೆ. ಮೊದಲನೆಯದು ಅವಳ ಮಾತಿನ ಯುಕ್ತತೆ. ಎರಡನೆಯದು ಅವನೊಳಗೆ ಕೆರಳಿದ ಇಂದ್ರಿಯಲಾಲಸೆ. ಯಾವ ವಿವೇಕವು ಅವನನ್ನು ತಿದ್ದಬೇಕಾಗಿತ್ತೋ ಅದೇ ಅವನ ಕಾಮಕ್ಕೆ ಕಿಡಿಯಾಗುವುದು. ಎರಡು ಬೇರೆ ಪದಗಳಿಂದ ಇದನ್ನು ಹೇಳಿದ್ದರೆ ಅದೊಂದು ಹೇಳಿಕೆಯಾಗುತ್ತಿದ್ದಿತೇ ಹೊರತು ಪತನವಾಗುತ್ತಿರಲಿಲ್ಲ. ವಿಲಿಯಂ ಎಂಪ್ಸನ್ನನು 1951ರಲ್ಲಿ ಹೊರತಂದ, ಬಹ್ವರ್ಥಪದಗಳ ರಚನೆಯನ್ನು ಕುರಿತ ಗ್ರಂಥದಲ್ಲಿ ಈ ನಾಟಕದ ಜೊತೆಗೆ ವರ್ಡ್ಸ್‌ವರ್ತನ ‘ಪ್ರಿಲ್ಯೂಡ್’ ಕಾವ್ಯದಲ್ಲಿಯೂ ಈ ಪದದ ಸಂಚಾರವನ್ನು ಹಿಂಬಾಲಿಸಿದ್ದಾನೆ. ಅವನ ಬೀಜಗಣಿತದಂಥ ಸಂಕೇತಗಳು ನಮಗೆ ಅಷ್ಟಾಗಿ ರುಚಿಸುವುದಿಲ್ಲವಾದರೂ, ಅವನ ಕಿವಿ ಮಾತ್ರ ಬಹು ಚುರುಕಾದುದು.

ಇನ್ನು ‘ಸೆನ್ಸಿಬಲ್’ ಎಂಬ ವಿಶೇಷಣದ ಚರಿತ್ರೆ. ಈ ಮಾತಿನ ಅಲೆದಾಟವೇ ಎಲ್ಲ ತೊಡಕಿಗೂ ಕಾರಣ. ಮೊದಲು ಅದಕ್ಕೆ ಇಂದ್ರಿಯಗಳಿಗೆ ಗೋಚರವಾಗುವುದು ಎಂದು ಅರ್ಥ. ಮ್ಯಾಕ್‌ಬೆತ್ತನು ಗಾಳಿಯಲ್ಲಿ ತೋರಿದ ಕಠಾರಿಯನ್ನು ನೋಡಿ, ಇದು ಕಣ್ಣಿಗೆ ಸಿಕ್ಕಂತೆ ಕೈಗೂ ಸಿಕ್ಕುವುದಲ್ಲವೆ ಎಂದು ಕೇಳುವಲ್ಲಿ ಬಳಸುವುದು ಈ ಪದವನ್ನೇ. ಅದರ ಪಕ್ಕದಲ್ಲಿಯೇ, ಗೋಚರಿಸಿದುದನ್ನು ಗ್ರಹಿಸಬಲ್ಲದು ಎಂಬ ಅರ್ಥವೂ, ಬೇಗ ನೋಯುವಂಥದು ಎಂಬ ಅರ್ಥವೂ, ಯಾವುದೊಂದು ವಿಷಯದ ಅರಿವುಳ್ಳವನು ಎಂಬ ಅರ್ಥವೂ ನಡೆದುಬಂದವು. ಬುದ್ಧಿವಂತ, ವಿವೇಕಿ ಎಂಬ ಅರ್ಥವು ಬಲಗೊಂಡುದು ತಡವಾಗಿ. ಡಾಕ್ಟರ್ ಜಾನ್ಸನನು 1755ರ ತನ್ನ ನಿಘಂಟಿನಲ್ಲಿ ಈ ಅರ್ಥವನ್ನು ಕೊಡುವಾಗ, ಇದು ಕೀಳುಮಟ್ಟದ ಸಂಭಾಷಣೆಯಲ್ಲಿ ಕೆಲವೊಮ್ಮೆ ಕೇಳಬರುವುದೆಂದು ಮೂಗು ಮುರಿದಿದ್ದಾನೆ. ಭಾಷೆಯು ನಿಘಂಟುಕಾರನ ಮುಖವನ್ನು ನೋಡಿ ನಡೆಯುವುದಿಲ್ಲ. ಇಂದು ಇಂಗ್ಲಿಷಿನಲ್ಲಿ ಮೊದಲು ಹೊಳೆಯುವ ಅರ್ಥವು ಆ ಕೀಳೆನಿಸಿದ ಅರ್ಥವೇ. ಫ್ರೆಂಚಿನಲ್ಲಿ ಅದೇ ಅಕ್ಷರಗಳ ಪದಕ್ಕೆ ಈಗಲೂ ಸೂಕ್ಷ್ಮಮನಸ್ಸಿನವನು ಎಂಬುದೇ ಮುಖ್ಯಾರ್ಥವಾಗಿ ಉಳಿದಿರುವುದರಿಂದ, ಎರಡು ಭಾಷೆಗಳನ್ನು ಅರೆಬರೆ ಕಲಿತವರು ಇಲ್ಲಿ ಎಡವುವುದು ವಾಡಿಕೆ.

ಆಸ್ಟೆನ್ನಳು ಬರೆದುದು ಈ ಅರ್ಥಾಂತರವು ಇನ್ನೂ ಪೂರ್ತಿಯಾಗದಿದ್ದ ಕಾಲದಲ್ಲಿ. 1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಕಾದಂಬರಿಯ 13ನೆಯ ಅಧ್ಯಾಯವನ್ನು ನೋಡಬೇಕು. ಕಾಲಿನ್ಸ್ ಎಂಬ ಪಾದ್ರಿಯ ಕಾಗದವನ್ನು ಕೇಳಿದ ಎಲಿಜಬೆತ್ತಳು, ಇವನು ಸೆನ್ಸಿಬಲ್ ಮನುಷ್ಯನಾಗಿರಬಹುದೆ ಎಂದು ತಂದೆಯನ್ನು ಪ್ರಶ್ನಿಸುತ್ತಾಳೆ. ಅದೇ ಅಧ್ಯಾಯದಲ್ಲಿ ಕಾಲಿನ್ಸನೇ ಬಂದಿಳಿದು, ಮನೆಯ ಹೆಣ್ಣುಮಕ್ಕಳಿಗೆ ಆಸ್ತಿ ತಪ್ಪಿಹೋಗುವ ಕಷ್ಟದ ವಿಷಯದಲ್ಲಿ ತಾನು ಬಹಳ ಸೆನ್ಸಿಬಲ್ ಎಂದು ಹೇಳಿಕೊಳ್ಳುತ್ತಾನೆ. ಅಲ್ಲಿ ಆ ಮಾತಿಗೆ ಅರಿವುಳ್ಳವನು, ಮನಗಂಡವನು ಎಂದಷ್ಟೇ ಅರ್ಥ. 15ನೆಯ ಅಧ್ಯಾಯದ ಆರಂಭದಲ್ಲಿ ಗ್ರಂಥಕರ್ತ್ರಿಯೇ ತೀರ್ಪು ಕೊಡುತ್ತಾಳೆ: ಅವನು ಸೆನ್ಸಿಬಲ್ ಅಲ್ಲ. ಎಲ್ಲದರ ಅರಿವೂ ತನಗೆ ಉಂಟೆಂದು ನುಡಿಯುವವನಲ್ಲಿ ಅರಿವೇ ಇಲ್ಲವೆಂಬ ಈ ಹಾಸ್ಯವು, ಎರಡು ಕಡೆಯೂ ‘ವಿವೇಕಿ’ ಎಂದು ಭಾಷಾಂತರಿಸಿದ ಕೂಡಲೆ ಸತ್ತುಹೋಗುವುದು.

ಮೊದಲನೆಯ ಕಾದಂಬರಿಯಲ್ಲಿ ಈ ಆಟವು ಇನ್ನೂ ಆಳವಾದುದು. ಅದರ ಪ್ರಥಮ ಅಧ್ಯಾಯದಲ್ಲಿಯೇ ಮೇರಿಯಾನಳನ್ನು ಪರಿಚಯ ಮಾಡಿಕೊಡುವಾಗ ಅವಳು ಸೆನ್ಸಿಬಲ್, ಜಾಣೆ, ಆದರೆ ಎಲ್ಲದರಲ್ಲಿಯೂ ಆತುರದವಳು ಎಂದಿದೆ. ಅಲ್ಲಿಂದ ಕೆಲವೇ ವಾಕ್ಯಗಳಾಚೆ, ತಂಗಿಯ ಸೆನ್ಸಿಬಿಲಿಟಿ ಮಿತಿಮೀರಿದುದನ್ನು ಕಂಡು ಅಕ್ಕನು ಚಿಂತಿಸಿದಳೆಂದು ಬರುತ್ತದೆ. ಒಬ್ಬಳಲ್ಲಿಯೇ ಎರಡೂ ಇವೆ. ಎಲಿನರಳ ವಿಷಯದಲ್ಲಿಯೂ ಅವಳ ಭಾವಗಳು ಪ್ರಬಲವಾಗಿದ್ದುವೆಂದೂ, ಅವುಗಳನ್ನು ಆಳುವ ಬಗೆ ಅವಳಿಗೆ ತಿಳಿದಿತ್ತೆಂದೂ ಸ್ಪಷ್ಟವಾಗಿ ಹೇಳಿದೆ. ಎಂದರೆ, ತಲೆಯುಳ್ಳವಳು ಒಬ್ಬಳು, ಎದೆಯುಳ್ಳವಳು ಇನ್ನೊಬ್ಬಳು ಎಂಬ ಹಂಚಿಕೆಯನ್ನು ಗ್ರಂಥವು ತನ್ನ ಬಾಗಿಲಲ್ಲಿಯೇ ನಿರಾಕರಿಸುತ್ತದೆ. ಇಬ್ಬರಿಗೂ ಇರುವ ಬಂಡವಾಳ ಒಂದೇ. ವೆಚ್ಚ ಮಾಡುವ ಕ್ರಮ ಬೇರೆ. ಸಿ. ಎಸ್. ಲೂಯಿಸನು 1960ರ ತನ್ನ ಪದಾಧ್ಯಯನದಲ್ಲಿ, ಹಳೆಯ ಪದಕ್ಕೆ ನಮ್ಮ ಕಾಲದಲ್ಲಿ ಪ್ರಧಾನವಾಗಿರುವ ಅರ್ಥವನ್ನೇ ‘ಅಪಾಯದ ಅರ್ಥ’ ಎಂದು ಕರೆದನು. ಅದು ಸಂದರ್ಭಕ್ಕೆ ಹೇಗೋ ಹೊಂದಿಬಿಡುವುದರಿಂದಲೇ ಓದುಗನು ಮೋಸಹೋಗುವನಂತೆ. ‘ವಿವೇಕ’ ಎಂಬ ನಮ್ಮ ಅನುವಾದವು ಅಂಥ ಅಪಾಯದ ಅರ್ಥ.

‘ಸೆನ್ಸಿಬಿಲಿಟಿ’ಗೆ ಇಷ್ಟು ಪ್ರತಿಷ್ಠೆ ಬಂದುದು ಹದಿನೆಂಟನೆಯ ಶತಮಾನದಲ್ಲಿ. ವೈದ್ಯರು ನರಗಳ ಸ್ಪಂದನವನ್ನು ಶೋಧಿಸುತ್ತಿದ್ದ ಕಾಲವದು. ಹಾಲರ್ ಎಂಬ ವಿದ್ವಾಂಸನು 1752ರಲ್ಲಿ ಮಾಂಸಖಂಡಗಳ ಕೆರಳುವಿಕೆಯನ್ನೂ ನರಗಳ ಗ್ರಹಣಶಕ್ತಿಯನ್ನೂ ಬೇರೆ ಬೇರೆ ಎಂದು ತೋರಿಸಿದನು. ಶರೀರಶಾಸ್ತ್ರದ ಮಾತು ಬಹುಬೇಗ ಸದ್ಗುಣದ ಹೆಸರಾಗಿ, ಕಣ್ಣೀರು ಸುರಿಸಬಲ್ಲವನೇ ಕುಲೀನನೆಂಬ ಭಾವನೆ ಹಬ್ಬಿತು. ಇದರ ದಾಯಾದಿಯಾದ ‘ಸೆಂಟಿಮೆಂಟಲ್’ ಎಂಬುದರ ಕಥೆಯು ಭಾಷಾಂತರಕಾರರಿಗೆ ಉಪಯುಕ್ತವಾದುದು. ಸ್ಟರ್ನನು 1768ರಲ್ಲಿ ‘ಎ ಸೆಂಟಿಮೆಂಟಲ್ ಜರ್ನಿ’ ಎಂಬ ಗ್ರಂಥವನ್ನು ಪ್ರಕಟಿಸಿದಾಗ, ಜರ್ಮನ್ ಭಾಷಾಂತರಕಾರನಾದ ಬೋಡನಿಗೆ ಲೆಸಿಂಗನು ‘ಎಂಫಿಂಡ್‌ಜಾಮ್’ ಎಂಬ ಮಾತನ್ನು ಸೂಚಿಸಿದನು. ಆ ಮಾತು ನಿಂತು ಒಂದು ಸಾಹಿತ್ಯಯುಗಕ್ಕೇ ಹೆಸರಾಯಿತು. 1769ರ ಫ್ರೆಂಚ್ ಅನುವಾದಕನಾದ ಫ್ರೆನೆ ಇಂಗ್ಲಿಷ್ ಪದವನ್ನು ಹಾಗೆಯೇ ಉಳಿಸಿಕೊಂಡನು. ಎರಡೂ ಮರ್ಯಾದೆಯ ದಾರಿಗಳೇ.

‘ಸೆನ್ಸುಯಸ್’ ಎಂಬುದನ್ನು ಮಿಲ್ಟನ್ನನು ‘ಸೆನ್ಸುಯಲ್’ ಎಂಬುದರ ಕಾಮದ ವಾಸನೆಯಿಂದ ತಪ್ಪಿಸಿಕೊಳ್ಳಲು ಬಳಕೆಗೆ ತಂದನೆಂದೂ, ಕೋಲ್‌ರಿಜ್ಜನು ಅದನ್ನು ಪುನಃ ಎತ್ತಿಹಿಡಿದನೆಂದೂ ಇಲ್ಲಿ ಹೇಳಿದರೆ ಸಾಕು. ‘ಸೆನ್ಸಿಟಿವ್’ ಎಂಬುದು, ‘ಸೆನ್ಸಿಬಲ್’ ಬಿಟ್ಟುಹೋದ ಮನೆಯನ್ನು ಹೊಕ್ಕಿತು. ಇಂಗ್ಲಿಷರು ಸೆನ್ಸಿಟಿವ್ ಗಿಡವೆನ್ನುವುದನ್ನು ನಾವು ‘ಮುಟ್ಟಿದರೆ ಮುನಿ’ ಎನ್ನುತ್ತೇವೆ. ಅವರ ಹೆಸರಿನಲ್ಲಿ ಶಾಸ್ತ್ರವಿದೆ, ನಮ್ಮದರಲ್ಲಿ ಸಂಸಾರವಿದೆ.

ಟಿ. ಎಸ್. ಎಲಿಯಟ್ಟನು 1921ರಲ್ಲಿ ಮೆಟಫಿಸಿಕಲ್ ಕವಿಗಳನ್ನು ಕುರಿತು ಬರೆಯುತ್ತ, ಹದಿನೇಳನೆಯ ಶತಮಾನದಲ್ಲಿ ಸೆನ್ಸಿಬಿಲಿಟಿಯು ಒಡೆದುಹೋಯಿತೆಂದನು. ಅಲ್ಲಿ ಆ ಮಾತಿಗೆ ಮೇರಿಯಾನಳ ಕಣ್ಣೀರಿನೊಡನೆ ಸಂಬಂಧವಿಲ್ಲ. ಆಲೋಚನೆಯನ್ನೇ ಅನುಭವವಾಗಿಸಿಕೊಳ್ಳುವ ಕವಿಯ ಸಮಗ್ರಶಕ್ತಿಯೇ ಅದರ ಅರ್ಥ. ಕನ್ನಡ ವಿಮರ್ಶೆಯು ಇದಕ್ಕೆ ‘ಸಂವೇದನೆ’ ಎಂಬ ಮಾತನ್ನು ರೂಢಿಗೆ ತಂದಿದೆ. ಮನಶ್ಶಾಸ್ತ್ರದ ಪುಸ್ತಕಗಳು ಕೇವಲ ಇಂದ್ರಿಯಗ್ರಹಣಕ್ಕೂ ಇದೇ ಮಾತನ್ನು ಬಳಸುವುದರಿಂದ ವಿದ್ಯಾರ್ಥಿಯು ಗೊಂದಲಕ್ಕೆ ಒಳಗಾದರೆ ಆಶ್ಚರ್ಯವಿಲ್ಲ. ‘ಸಹೃದಯತೆ’ ಎಂದು ಹೇಳೋಣವೆಂದರೆ, ಆನಂದವರ್ಧನ ಅಭಿನವಗುಪ್ತರ ಸಹೃದಯನು ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ತಿಳಿಯಾಗಿಸಿಕೊಂಡವನು. ಮೇರಿಯಾನಳು ತನ್ನ ಶಕ್ತಿ ಹುಟ್ಟಿನಿಂದಲೇ ಬಂದುದೆಂದು ನಂಬಿದವಳು.

ಆದರೂ ‘ಸಂವೇದನೆ’ಯನ್ನು ಕೈಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅದರ ಧಾತುವಾದ ‘ವಿದ್’ ಎಂಬುದಕ್ಕೆ ತಿಳಿಯುವುದೆಂದು ಅರ್ಥ. ಅದರಿಂದ ಒಂದು ಕಡೆ ವಿದ್ಯೆ, ವಿದ್ವಾಂಸ, ವೇದ ಎಂಬ ಮಾತುಗಳು ಹುಟ್ಟಿದರೆ, ಇನ್ನೊಂದು ಕಡೆ ವೇದನೆಯು ಹುಟ್ಟಿತು. ಸಂಸ್ಕೃತದಲ್ಲಿ ವೇದನೆಯು ಸುಖದುಃಖಗಳೆರಡರ ಅನುಭವಕ್ಕೂ ಸಲ್ಲುವುದು. ಕನ್ನಡದಲ್ಲಿ ನೋವೊಂದೇ ಉಳಿದಿದೆ. ಆಸ್ಟೆನ್ನಳ ಗ್ರಂಥದ ಹೆಸರನ್ನು ವಿವರಿಸಬೇಕಾದ ಅಧ್ಯಾಪಕರು ‘ವಿದ್ಯೆ’, ‘ವೇದನೆ’ ಎಂಬ ಎರಡು ಮಾತುಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಇವೆರಡರ ಧಾತು ಒಂದೇ ಎಂದು ತೋರಿಸಿ, ಅನಂತರ ಎಲಿನರ್ ಮೇರಿಯಾನರ ಕಥೆಗೆ ಹೋಗಬಹುದು.