ಹಳೆಯ ಹಾಡಿಗೆ ಹೆಸರು ಬೇಡವೇ?

ನಗರದ ಎಫ್.ಎಂ. ಕೇಂದ್ರವೊಂದು ಎರಡು ದಿನ ಒಂದರ ಹಿಂದೊಂದು ಹಳೆಯ ಹಾಡು ಹಾಕಿದರೆ ಸಾಕು, ಕೇಳುಗರ ನಡುವೆ ಗುಸುಗುಸು ಆರಂಭವಾಗುತ್ತದೆ: ಇವರೂ ಇನ್ನು ಪೂರ್ತಿ ಹಳೆಯ ಹಾಡುಗಳಿಗೇ ಹೊರಳುತ್ತಾರಂತೆ! ಈ ಊಹೆ ಆಧಾರವಿಲ್ಲದ್ದೇನಲ್ಲ. 2016ರಲ್ಲಿ ಎಚ್.ಟಿ. ಮೀಡಿಯಾ ಸಂಸ್ಥೆ ದೆಹಲಿ, ಮುಂಬೈಗಳಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳಿಗೆಂದೇ 'ರೇಡಿಯೋ ನಶಾ' ಆರಂಭಿಸಿತು. ಮರುವರ್ಷ ಸರೆಗಮ ಕಂಪೆನಿ 5,000 ಹಳೆಯ ಹಿಂದಿ ಹಾಡುಗಳನ್ನು ತುಂಬಿದ 'ಕಾರವಾನ್' ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಾಗ ಜನ ಇಷ್ಟಪಟ್ಟು ಕೊಂಡರು. ಹಳೆಯದಕ್ಕೂ ಗಿರಾಕಿಗಳಿದ್ದಾರೆಂದು ಗೊತ್ತಾದ ಮೇಲೆ ರೇಡಿಯೋದವರು ಸುಮ್ಮನಿದ್ದಾರೆಯೇ?

ಹೊರಳಲಿ, ನಮಗೆ ಸಂತೋಷವೇ. ಆದರೆ 'ಹಳೆಯದು' ಎಂದರೆ ಯಾವುದು? ಅದನ್ನು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಗೆ ನ್ಯೂಯಾರ್ಕಿನಲ್ಲಿ ಎಂದೋ ಉತ್ತರ ಸಿಕ್ಕಿದೆ. ಅಲ್ಲಿನ ಡಬ್ಲ್ಯು.ಸಿ.ಬಿ.ಎಸ್. ಎಫ್.ಎಂ. ಕೇಂದ್ರ 1972ರಿಂದ ಹಳೆಯ ಹಾಡುಗಳಿಗೇ ಹೆಸರಾಗಿತ್ತು. 2005ರ ಜೂನ್ 3ರಂದು ಮುನ್ಸೂಚನೆಯನ್ನೇ ಕೊಡದೆ ಅದು ನಿರೂಪಕರಿಲ್ಲದ 'ಜ್ಯಾಕ್' ಎಂಬ ಹೊಸ ಮಾದರಿಗೆ ಬದಲಾಯಿತು. ಕಾರಣ ಸರಳ. ಅಮೆರಿಕದ ಜಾಹೀರಾತುದಾರರಿಗೆ ಬೇಕಾದದ್ದು 25ರಿಂದ 54 ವಯಸ್ಸಿನವರ ಕಿವಿ; ಹಳೆಯ ಹಾಡಿನ ಕೇಳುಗರಿಗೋ ವಯಸ್ಸು ದಾಟುತ್ತಿತ್ತು. ಕೇಳುಗರು ಸಿಟ್ಟಾದರು, ನಗರದ ಮೇಯರ್ ಕೂಡ ಬಹಿರಂಗವಾಗಿಯೇ ಮುನಿದರು. ಕೊನೆಗೆ 2007ರ ಜುಲೈ 12ರಂದು ಹಳೆಯ ಹಾಡುಗಳು ಮರಳಿದವು. ಆದರೆ ಪೂರ್ತಿಯಾಗಿ ಮರಳಲಿಲ್ಲ. 1950ರ ದಶಕದ ಹಾಡುಗಳು ವಿರಳವಾಗಿ, 70-80ರ ದಶಕದವುಗಳಿಗೆ ಹೆಚ್ಚು ಜಾಗ ಸಿಕ್ಕಿತು. ಯಾವ ಕೇಳುಗರಿಂದ ಆ ಕೇಂದ್ರ ಬದುಕಿತ್ತೋ ಅವರ ಯೌವನವೇ ಪಟ್ಟಿಯ ಅಂಚಿಗೆ ಸರಿದಿತ್ತು. ಅಂದರೆ, ಹಾಡು ಹಳೆಯದೋ ಅಲ್ಲವೋ ಎಂಬುದನ್ನು ಅಳೆದದ್ದು ಹಾಡಿನ ವಯಸ್ಸಿನಿಂದಲ್ಲ, ಸಾಬೂನು ಕೊಳ್ಳುವವನ ವಯಸ್ಸಿನಿಂದ.

ಇದೇ ಅಳತೆಗೋಲನ್ನು ಕನ್ನಡಕ್ಕೆ ಹಿಡಿದು ನೋಡಿ. ಹಂಸಲೇಖರ 'ಪ್ರೇಮಲೋಕ' ಬಂದದ್ದು 1987ರಲ್ಲಿ. ಅಂದು ಅದನ್ನು ಗುನುಗಿದ ಹದಿನೈದರ ಹುಡುಗ ಇಂದು ಐವತ್ತು ದಾಟಿದ್ದಾನೆ. ವ್ಯಾಪಾರದ ದೃಷ್ಟಿಯಲ್ಲಿ 'ಹಳೆಯದು' ಅಲ್ಲಿಂದಲೇ ಶುರುವಾಗುವ ಸಂಭವ ಹೆಚ್ಚು. ಹಾಗಾದರೆ 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಹಾಡುವುದಕ್ಕೂ ಮೊದಲು, ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸರ ಅಷ್ಟೂ ವರ್ಷಗಳ ಗಾಯನ ಎಲ್ಲಿ ಹೋಗಬೇಕು? ಆ ಹಾಡುಗಳನ್ನು ಬಲ್ಲವರು ಇಂದು ಜಾಹೀರಾತಿನ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮಾತು ನಮಗೆ ಇದಕ್ಕಿಂತ ಮುಖ್ಯ. ಖಾಸಗಿ ಎಫ್.ಎಂ.ಗಳಲ್ಲಿ ಬಹುಮಟ್ಟಿಗೆ ಹಾಡು ಬರುತ್ತದೆ, ಬರೆದವನ ಹೆಸರು ಬರುವುದಿಲ್ಲ. ಗಾಯಕ, ಸಂಗೀತ ನಿರ್ದೇಶಕರ ಜೊತೆ ಕವಿಯ ಹೆಸರನ್ನೂ ಹೇಳಬೇಕೆಂದು ಸಾಹಿರ್ ಲುಧಿಯಾನ್ವಿ ಹಿಂದೆ ಪಟ್ಟುಹಿಡಿದರು, ಆಕಾಶವಾಣಿ ಒಪ್ಪಿತು. ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಿರೂಪಕಿ ಹೇಳಿ ಮುಗಿಸುವುದನ್ನು ಕೇಳಿಯೇ ನಮ್ಮಲ್ಲಿ ಎಷ್ಟೋ ಜನ ಕವಿಗಳ ಹೆಸರು ಕಲಿತೆವು. ಆಕಾಶವಾಣಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಅದರಿಂದ ದೂರವಿಟ್ಟು ಕೇಳುಗರನ್ನು ರೇಡಿಯೋ ಸಿಲೋನಿಗೆ ಅಟ್ಟಿದ್ದರು. ಅವರನ್ನು ಮರಳಿ ಕರೆತರಲು 1957ರಲ್ಲಿ ವಿವಿಧ ಭಾರತಿಯೇ ಹುಟ್ಟಬೇಕಾಯಿತು. ಆದರೂ ಹೆಸರು ಹೇಳುವ ಸೌಜನ್ಯ ಅಲ್ಲಿತ್ತು.

1962ರ 'ಸ್ವರ್ಣಗೌರಿ' ಚಿತ್ರದ ಶಿವಸ್ತುತಿ ಇಂದಿಗೂ ಜನರ ಬಾಯಲ್ಲಿದೆ. ಬರೆದವರು ಜಾನಪದ ವಿದ್ವಾಂಸ ಎಸ್.ಕೆ. ಕರೀಂಖಾನರು. ಶಿವನನ್ನು ಕುರಿತು ಇಷ್ಟು ತನ್ಮಯವಾಗಿ ಬರೆದವನೊಬ್ಬ ಮುಸಲ್ಮಾನನೆಂಬುದು ಆ ಹಾಡನ್ನು ಮೆಚ್ಚುವ ಎಷ್ಟು ಮಂದಿಗೆ ಗೊತ್ತು? ಯಾರೂ ಮುಚ್ಚಿಟ್ಟದ್ದಲ್ಲ, ಹೇಳಲಿಲ್ಲ ಅಷ್ಟೆ. ಧರ್ಮದ ಹೆಸರಿನಲ್ಲಿ ಕಲೆಗೂ ಬೇಲಿ ಹಾಕುವ ಈ ಕಾಲದಲ್ಲಿ ಹಾಗೆ ಹೇಳದಿರುವುದೂ ನಷ್ಟವೇ. ಹೆಸರು ಕಳಚಿ ಬಂದ ಹಾಡು ಕೇಳುಗನಿಗೆ ತನ್ನ ಬಾಲ್ಯವನ್ನಷ್ಟೇ ನೆನಪಿಸುತ್ತದೆ, ನಾಡನ್ನಲ್ಲ.

ಹೆಸರು ಹೇಳಿದರೆ ಕೇಳುಗ ಬೇರೆ ಕೇಂದ್ರಕ್ಕೆ ತಿರುಗಿಬಿಡುತ್ತಾನೆಂಬುದು ಅವರ ಭಯವಿರಬಹುದು. ಎರಡು ಹಾಡುಗಳ ನಡುವೆ ಇಷ್ಟೊಂದು ಜಾಹೀರಾತು, ಹರಟೆ, ನಗುವನ್ನು ಸಹಿಸುವ ಕೇಳುಗ ಹತ್ತು ಸೆಕೆಂಡಿನ ಹೆಸರುಗಳಿಗೆ ಓಡಿಹೋದಾನೇ? ಹುಡುಕಲು ಸಂಶೋಧನೆಯೂ ಬೇಕಿಲ್ಲ. ಚಿತ್ರದ ಟೈಟಲ್ ಕಾರ್ಡಿನಲ್ಲಿ ಆ ಹೆಸರುಗಳಿವೆ, ಓದಿ ಹೇಳಿದರಾಯಿತು.