ಸ್ಲ್ಯಾಬ್ ಹಾಕುವ ಹಿಂದಿನ ದಿನ

ಭಾನುವಾರ ಸಂಜೆ ಹರಿಹರದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಮಂಗಳವಾರ ಸ್ಲ್ಯಾಬ್ ಐತೆ. ಕಂಬಿ ಕಟ್ಟೋದು ಮುಗೀತು. ನಾಳೆ ಎಲೆಕ್ಟ್ರಿಷಿಯನ್ ಬಂದು ಪೈಪ್ ಬಿಡ್ತಾನಂತೆ. ಇಂಟರ್‌ನೆಟ್‌ಗೆ ಅಂತ ಏನಾದ್ರೂ ಮಾಡಿಸ್ಬೇಕಾ?" ಎಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಊರಲ್ಲೇ ಕೂತು ಮಾಡುವ ಹುಡುಗ ಅವನು. ದಿನದ ಅನ್ನವೇ ಆ ತಂತಿಯ ಮೇಲೆ ನಿಂತಿದೆ. ಮರುದಿನ ಬೆಳಿಗ್ಗೆ ತಿಂಡಿಗೂ ಕಾಯದೆ ಗಾಡಿ ಹತ್ತಿದೆ. ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೊಮೀಟರ್. ದೊಡ್ಡಬಾತಿ ದಾಟುವಷ್ಟರಲ್ಲಿ ಅವನ ಮೂವತ್ತು-ನಲವತ್ತರ ಸೈಟಿನ ಎರಡಂತಸ್ತಿನ ಮನೆಯಲ್ಲಿ ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮನಸ್ಸಿನಲ್ಲೇ ಒಂದು ಸುತ್ತು ಹಾಕಿಯಾಗಿತ್ತು.

ಸೆಂಟ್ರಿಂಗ್ ತಗಡಿನ ಮೇಲೆ ಕಂಬಿಯ ಬಲೆ ಹರಡಿತ್ತು. ಅದರ ನಡುವೆ ಫ್ಯಾನಿಗೆ, ಲೈಟಿಗೆ ಪೈಪುಗಳು ಅಚ್ಚುಕಟ್ಟಾಗಿ ಕೂತಿದ್ದವು. ಕೆಲಸ ಬಲ್ಲ ಎಲೆಕ್ಟ್ರಿಷಿಯನ್. ಲ್ಯಾನ್‌ಗೆ ಪೈಪ್ ಎಲ್ಲಿ ಎಂದು ಕೇಳಿದೆ. "ಈಗೆಲ್ಲಾ ವೈಫೈ ಅಲ್ವಾ ಸಾರ್, ವೈರ್ ಯಾಕೆ? ಬೇಕೇ ಬೇಕಂದ್ರೆ ಕರೆಂಟ್ ಪೈಪ್‌ನಾಗೇ ಎಳ್ದುಬಿಡಾಣ" ಎಂದ. ಊರಿನಲ್ಲಿ ಹೊಸ ಮನೆ ಎಲ್ಲಿ ಏಳುತ್ತಿದ್ದರೂ ನನಗೆ ಸಿಗುವುದು ಈ ಎರಡು ಮಾತೇ. ಎರಡೂ ತಪ್ಪು. ಆ ತಪ್ಪಿನ ಬೆಲೆ ಗೊತ್ತಾಗುವುದು ಗೃಹಪ್ರವೇಶ ಮುಗಿದ ಮೇಲೆ.

ವೈಫೈ ಎನ್ನುವುದು ಗೋಡೆಯಿಂದ ಕೈವರೆಗಿನ ಕೊನೆಯ ಹತ್ತಿಪ್ಪತ್ತು ಅಡಿಯ ವ್ಯವಹಾರ. ಮಿಕ್ಕ ದೂರವನ್ನು ತಂತಿಯೇ ಕ್ರಮಿಸಬೇಕು. ಸ್ಲ್ಯಾಬ್ ಎಂದರೆ ಐದಾರು ಇಂಚಿನ ಕಾಂಕ್ರೀಟು, ಒಳಗೆ ಕಬ್ಬಿಣದ ಬಲೆ. ವೇಗದ 5 ಗಿಗಾಹರ್ಟ್ಸ್ ಅಲೆ ಅದನ್ನು ದಾಟುವಷ್ಟರಲ್ಲಿ ಸೋತುಹೋಗಿರುತ್ತದೆ. ಕೆಳಗಿನ ಹಾಲ್‌ನಲ್ಲಿ ರೂಟರ್ ಇಟ್ಟು ಮೇಲಿನ ಕೋಣೆಯಲ್ಲಿ ಮೀಟಿಂಗಿಗೆ ಕೂತವರಿಗೆ ಸಿಗುವುದು ನಿಧಾನದ 2.4 ಗಿಗಾಹರ್ಟ್ಸ್ ಮಾತ್ರ, ಅದರಲ್ಲೂ ಅಕ್ಕಪಕ್ಕದ ನಾಲ್ಕು ಮನೆಯವರ ಪಾಲು. ಆಗ ಅಂಗಡಿಯವರು ರಿಪೀಟರ್ ಕೊಡುತ್ತಾರೆ. ಗಾಳಿಯಲ್ಲಿ ಬಂದದ್ದನ್ನೇ ಹಿಡಿದು ಅದೇ ಗಾಳಿಯಲ್ಲಿ ಮುಂದೆ ದಾಟಿಸುವ ಸಾಧಾರಣ ರಿಪೀಟರ್ ಬರುವ ವೇಗದಲ್ಲಿ ಅರ್ಧವನ್ನು ತಾನೇ ತಿನ್ನುತ್ತದೆ. ಪ್ರತಿ ಅಂತಸ್ತಿನ ಚಾವಣಿಗೆ ಒಂದೊಂದು ಆ್ಯಕ್ಸೆಸ್ ಪಾಯಿಂಟ್, ಅದರ ಬೆನ್ನಿಗೆ ತಾಮ್ರದ ಒಂದು ತಂತಿ: ಒಳ್ಳೆಯ ವೈಫೈ ಎಂದರೆ ಇದು. ಒಳ್ಳೆಯ ವೈಫೈ ಬೇಕಾದ ಮನೆಗೇ ತಂತಿ ಹೆಚ್ಚು ಬೇಕು.

ಕರೆಂಟ್ ಪೈಪಿನ ಮಾತಿಗೆ ನಾನು ಒಪ್ಪುವುದೇ ಇಲ್ಲ. 230 ವೋಲ್ಟಿನ ತಂತಿಯ ಪಕ್ಕ ಉದ್ದಕ್ಕೂ ಮಲಗಿದ ಲ್ಯಾನ್ ತಂತಿಗೆ ಮೋಟಾರು, ಮಿಕ್ಸಿ ಚಾಲೂ ಆದಾಗಲೆಲ್ಲ ಅಡಚಣೆ ಬರಬಹುದು. ಅದು ಸಣ್ಣ ಮಾತು. ಬೇಸಿಗೆಯ ಸೆಕೆಗೆ ಎಸಿ ಎಳೆದೆಳೆದು ಬಿಸಿಯಾದ ಕರೆಂಟ್ ತಂತಿಯ ಹೊದಿಕೆ ಎಂದಾದರೂ ಬಿರಿದರೆ ಆ ವಿದ್ಯುತ್ತು ನೇರ ಮಗುವಿನ ಲ್ಯಾಪ್‌ಟಾಪಿಗೆ ಹರಿಯಬಹುದು. ಎರಡಕ್ಕೂ ಬೇರೆ ಬೇರೆ ಪೈಪು, ಜೊತೆಜೊತೆಗೆ ಸಾಗುವ ಕಡೆ ನಡುವೆ ಒಂದು ಅಡಿ ಅಂತರ, ಅಡ್ಡ ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ. ಇದರಲ್ಲಿ ರಾಜಿ ಬೇಡ.

ತಂತಿಗಿಂತ ನನಗೆ ಪೈಪಿನ ಮೇಲೆ ಪ್ರೀತಿ ಜಾಸ್ತಿ. ಕಾರಣ ಇದೆ. ನಮ್ಮ ಮನೆ ಕಟ್ಟಿಸಿದಾಗ ಟೆಲಿಫೋನಿಗೊಂದು, ಕೇಬಲ್ ಟಿವಿಗೊಂದು ಪೈಪ್ ಬಿಡಿಸಿದ್ದೆ, ಆ ಕಾಲಕ್ಕೆ ಅಷ್ಟೇ ಸಾಕಿತ್ತು. ಲಾಕ್‌ಡೌನ್ ಬಂದು ಮನೆಯಲ್ಲಿ ಏಕಕಾಲಕ್ಕೆ ಎರಡು ಆನ್‌ಲೈನ್ ತರಗತಿ, ಒಂದು ಕಚೇರಿ ಶುರುವಾದಾಗ ಫೋನಿನ ಪೈಪಿನಲ್ಲಿ ಲ್ಯಾನ್ ತಂತಿ ಎಳೆಯೋಣವೆಂದು ಹೊರಟೆ. ಮೆಟ್ಟಿಲ ಹತ್ತಿರ ಒಂದು ಕಡೆ ಬೆಂಡ್ ಬದಲು ಎಲ್ಬೋ ಹಾಕಿದ್ದರು. ಅದರಾಚೆ ಸಿಮೆಂಟಿನ ಹಾಲು ಇಳಿದು ಕಲ್ಲಾಗಿತ್ತು. ತಂತಿ ಎಳೆಯುವ ಸ್ಪ್ರಿಂಗ್ ಅಲ್ಲಿಗೆ ಹೋಗಿ ಟಕ್ಕೆಂದು ನಿಲ್ಲುತ್ತಿತ್ತು. ಆ ಟಕ್ಕೆನ್ನುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೊನೆಗೆ ಬಣ್ಣ ಹೊಡೆದ ಗೋಡೆಯನ್ನು ಮಷಿನ್ನಿನಲ್ಲಿ ಕೊರೆದು, ಮೂರು ದಿನ ಮನೆಯ ತುಂಬ ಇಟ್ಟಿಗೆ ಪುಡಿ ಉಸಿರಾಡಿದೆವು. ಆವತ್ತಿನಿಂದ ಪರಿಚಯದವರು ಮನೆ ಕಟ್ಟಿಸುತ್ತಾರೆಂದರೆ ಸ್ಲ್ಯಾಬಿನ ತಾರೀಕನ್ನೇ ಮೊದಲು ಕೇಳುತ್ತೇನೆ.

ತಂತಿ ಬದಲಾಗುತ್ತಲೇ ಇರುತ್ತದೆ. ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್‌ನೆಟ್ಟಿನ ಕಲ್ಪನೆಯನ್ನು ಬರೆದಿಟ್ಟದ್ದು 1973ರಲ್ಲಿ. ಆಗ ಬಳಸಿದ್ದು ದಪ್ಪ ಕೋಆ್ಯಕ್ಸ್ ಕೇಬಲ್ಲು. ಫೋನಿನ ತಂತಿಯ ಹಾಗೆ ಜೋಡಿ ಹೆಣೆದ ತಾಮ್ರದಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಓಡಿಸುವ ಮಾನಕ ಬಂದದ್ದು 1990ರಲ್ಲಿ. 1995ಕ್ಕೆ ಅದು 100 ಆಯಿತು, 1999ಕ್ಕೆ 1000, 2006ಕ್ಕೆ 10,000. ಸುಮಾರು ಹದಿನೈದು ವರ್ಷದಲ್ಲಿ ಸಾವಿರ ಪಟ್ಟು! ನಾವು ಕಟ್ಟಿಸುವ ಮನೆ ಐವತ್ತು ವರ್ಷವಾದರೂ ನಿಲ್ಲಬೇಕು. ಇವತ್ತಿನ ತಂತಿ ಎಂದಾದರೂ ಹಳತಾಗಲೇಬೇಕು. ಪೈಪು ಧಾರಾಳವಾಗಿದ್ದರೆ ಹಳೆಯ ತಂತಿಯ ತುದಿಗೇ ಹೊಸದನ್ನು ಕಟ್ಟಿ ಎಳೆದರಾಯಿತು, ಅರ್ಧ ಗಂಟೆಯ ಕೆಲಸ.

ಆ ಸೋಮವಾರ ಹರಿಹರದಲ್ಲಿ ನಾವು ಮಾಡಿದ್ದು ಇಷ್ಟು. ಮೊದಲು ಇಡೀ ಮನೆಯ ತಂತಿಗಳು ಬಂದು ಸೇರುವ ಒಂದು ಜಾಗ ಗೊತ್ತು ಮಾಡಿದೆವು. ವಾಸ್ತುವಿನ ಪ್ರಕಾರ ಇನ್ವರ್ಟರಿಗೆ ಆಗ್ನೇಯ ಮೂಲೆಯನ್ನು ಆಗಲೇ ಗುರುತಿಸಿದ್ದರು. ಅದರ ಪಕ್ಕದ ಗೋಡೆ ನನಗೂ ಸರಿಹೋಯಿತು. ಬೆಸ್ಕಾಂ ಕರೆಂಟ್ ಹೋದಾಗ ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್ ಮೂರಕ್ಕೂ ಇನ್ವರ್ಟರ್ ಲೈನ್ ಸಿಗಬೇಕು. ಹೆಚ್ಚಿನ ಮನೆ ಫೈಬರ್ ಸಂಪರ್ಕಗಳಲ್ಲಿ ಬೀದಿಯ ಕವಲು ಪೆಟ್ಟಿಗೆಗೆ ವಿದ್ಯುತ್ತೇ ಬೇಕಿಲ್ಲ, ಅದು ಬೆಳಕನ್ನು ಹಂಚುವ ಗಾಜಷ್ಟೇ. ಹಾಗಾಗಿ ಮನೆಯೊಳಗಿನ ಪೆಟ್ಟಿಗೆ ಉಸಿರಾಡುತ್ತಿದ್ದರೆ ಬೀದಿಯೆಲ್ಲ ಕತ್ತಲಾದರೂ ಇಂಟರ್‌ನೆಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಜಾಗ ಹಿಡಿಯುವಾಗ ಗಾಳಿಯನ್ನೂ ನೋಡಿ. ಚಪ್ಪಲಿ ಕಪಾಟಿನೊಳಗೆ, ಬಿಸಿಲು ಕಾಯುವ ಸ್ಲ್ಯಾಬಿನಡಿಯ ಅಟ್ಟದಲ್ಲಿ ರೂಟರ್ ಇಟ್ಟು ಬಾಗಿಲು ಮುಚ್ಚಿದರೆ ನಮ್ಮೂರಿನ ಏಪ್ರಿಲ್ ಅದನ್ನು ಬೇಯಿಸಿಬಿಡುತ್ತದೆ.

ಅಲ್ಲಿಂದ ಪ್ರತಿ ಕೋಣೆಗೂ ನೇರ 25 ಮಿಲಿಮೀಟರಿನ ಒಂದು ಪೈಪು. ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಪಳಿ ಬೇಡ. ಲ್ಯಾನ್‌ಗೆ ಎಳೆಯುವ ಕ್ಯಾಟ್ 6 ತಂತಿಯ ದಪ್ಪ ಸುಮಾರು 6 ಮಿಲಿಮೀಟರ್. ಇಂಥ ಪೈಪಿನಲ್ಲಿ ಮೂರು ಸಲೀಸು, ಅದಕ್ಕಿಂತ ಹೆಚ್ಚು ತುರುಕಬಾರದು. ಟಿವಿಯ ಹಿಂದೆ ಎರಡು, ಓದುವ ಮೇಜಿನ ಹತ್ತಿರ ಎರಡು. ಚಾವಣಿಯ ಆ್ಯಕ್ಸೆಸ್ ಪಾಯಿಂಟಿಗೆ ಹಾಲ್‌ನ ನಡುವೆ ಫ್ಯಾನ್ ಬಾಕ್ಸಿನಿಂದ ದೂರ ಬೇರೆಯದೇ ಒಂದು ಬಾಕ್ಸ್. ಗೇಟು, ಹಿತ್ತಿಲು ಮತ್ತು ತಾರಸಿಯ ಎರಡು ಮೂಲೆಗೆ ಸಿಸಿ ಕ್ಯಾಮೆರಾದ ಪೈಪು. ಈಗಿನ ಐಪಿ ಕ್ಯಾಮೆರಾಗಳಿಗೆ ಪವರ್ ಓವರ್ ಈಥರ್‌ನೆಟ್ ಇರುವುದರಿಂದ ಚಿತ್ರವೂ ಕರೆಂಟೂ ಒಂದೇ ತಂತಿಯಲ್ಲಿ ಹೋಗುತ್ತದೆ. 2003ರ ಮಾನಕದಲ್ಲಿ 15.4 ವಾಟ್ ಕೊಡಬಹುದಿತ್ತು, ಒಂದು ಕ್ಯಾಮೆರಾಗೆ ಅಷ್ಟೇ ಬೇಕಾದಷ್ಟಾಯಿತು. ಒಟ್ಟು ಲೆಕ್ಕ ಹಾಕಿದರೆ ಹನ್ನೆರಡು ಪಾಯಿಂಟು, ಸರಾಸರಿ 15 ಮೀಟರ್, ಅಂದರೆ 180 ಮೀಟರ್ ತಂತಿ. ಅಂಗಡಿಯಲ್ಲಿ ಸಿಗುವ ಒಂದು ಡಬ್ಬ 305 ಮೀಟರ್. ಒಂದು ಡಬ್ಬ ತಂದರೆ ಮನೆ ಮುಗಿಯುತ್ತದೆ, ಉಳಿಯುತ್ತದೆ ಕೂಡ.

ಎಲೆಕ್ಟ್ರಿಷಿಯನ್‌ಗೆ ನಾನು ಹೇಳಿದ್ದು ಮೂರೇ ಮಾತು. ಎಲ್ಬೋ ಒಂದೂ ಬೇಡ, ಎಲ್ಲವೂ ಲಾಂಗ್ ಬೆಂಡ್. ಎರಡು ಬೆಂಡ್ ಆದ ಮೇಲೆ ಒಂದು ಜಂಕ್ಷನ್ ಬಾಕ್ಸ್. ಪೈಪಿನ ಬಾಯಿಗಳಿಗೆಲ್ಲ ಸಿಮೆಂಟ್ ಚೀಲದ ಕಾಗದ ತುರುಕಿ ಮೇಲೆ ಟೇಪು ಸುತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನಾಗಿಯೇ, "ಸಾರ್, ಕಾಂಕ್ರೀಟ್ ಹಾಕೋವಾಗ ಆಳುಗಳು ಪೈಪ್ ಮೇಲೇ ಓಡಾಡ್ತಾರೆ. ಕೆಳಗಿನ ಕಂಬಿಗೂ ಮೇಲಿನ ಕಂಬಿಗೂ ಮಧ್ಯೆ ಸೇರಿಸಿ ಕಟ್ಟಿಬಿಡ್ತೀನಿ, ಒಡೆಯಲ್ಲ" ಎಂದ. ನನಗೆ ಹೊಳೆಯದ ಮಾತು. ಮಂಗಳವಾರ ಮಿಕ್ಸರ್ ನಿಲ್ಲುವವರೆಗೂ ಅವನು ಸ್ಲ್ಯಾಬ್ ಬಿಟ್ಟು ಇಳಿಯಲಿಲ್ಲ.

ಇನ್ನು ತಂತಿಯ ಆಯ್ಕೆ. ಮನೆಗೆ ಕ್ಯಾಟ್ 6 ಸಾಕು ಎಂಬುದು ನನ್ನ ತೀರ್ಮಾನ. 100 ಮೀಟರಿನವರೆಗೆ ಅದು 1000 ಮೆಗಾಬಿಟ್ ಒಯ್ಯುತ್ತದೆ. ಮನೆಯೊಳಗಿನ ಇಪ್ಪತ್ತು-ಮೂವತ್ತು ಮೀಟರಿಗಾದರೆ 10,000 ಕೂಡ. ಕ್ಯಾಟ್ 6ಎ ದಪ್ಪ, ಪೆಡಸು. ಬಾಕ್ಸಿನೊಳಗೆ ಮಡಚಿ ಕೂರಿಸುವಾಗ ಕೈ ನೋಯುತ್ತದೆ. ಡಬ್ಬದ ಮೇಲೆ ಕ್ಯಾಟ್ 7, ಕ್ಯಾಟ್ 8 ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ನೋಡಬೇಕಾದದ್ದು ಒಳಗಿನ ತಾಮ್ರ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟು ಅರ್ಧ ಬೆಲೆಗೆ ಮಾರುವ ತಂತಿ ಮಾರುಕಟ್ಟೆಯಲ್ಲಿ ತುಂಬಿದೆ. ಡಬ್ಬದ ಮೇಲೆ ಸಿಸಿಎ ಎಂಬ ಮೂರಕ್ಷರ ಎಲ್ಲೋ ಸಣ್ಣಗೆ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಯಾವ ಮಾನಕವೂ ಅದನ್ನು ಒಪ್ಪುವುದಿಲ್ಲ. ಪ್ರತಿರೋಧ ಹೆಚ್ಚು, ಕ್ಯಾಮೆರಾಗೆ ಕರೆಂಟ್ ಒಯ್ಯುವಾಗ ಬಿಸಿಯಾಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

ನನ್ನ ಭಾವನವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ವಿಭಾಗದಲ್ಲಿದ್ದವರು. 1941ರಲ್ಲಿ ತುಂಗಭದ್ರೆಯ ದಡದ ಈ ಊರಿಗೆ ಬಂದು ದೇಶಕ್ಕೆಲ್ಲ ಲೇಥ್ ಯಂತ್ರ ಮಾಡಿಕೊಟ್ಟ ಕಾರ್ಖಾನೆ ಅದು. ಕಾರ್ಖಾನೆಯ ಸದ್ದು ನಿಂತು ಎಷ್ಟೋ ವರ್ಷವಾದರೂ ಭಾವನ ಮೈಕ್ರೋಮೀಟರ್ ಇನ್ನೂ ಮಖಮಲ್ಲಿನ ಪೆಟ್ಟಿಗೆಯಲ್ಲಿದೆ. ಅಂಗಡಿಯಿಂದ ಎರಡು ಬಗೆಯ ತುಂಡು ತಂದು ಊಟದ ಮೇಜಿನ ಮೇಲಿಟ್ಟೆ. ಭಾವ ಹೊದಿಕೆ ಸುಲಿದು, ಒಂದೊಂದು ಎಳೆಯನ್ನು ಮೈಕ್ರೋಮೀಟರಿನ ದವಡೆಗೆ ಕೊಟ್ಟು, ಕನ್ನಡಕ ಹಣೆಗೇರಿಸಿ ಓದಿದರು. ಮೊದಲನೆಯದು 0.57. 23 ಗೇಜಿನ ಒಳ್ಳೆಯ ಕ್ಯಾಟ್ 6 ಇರಬೇಕಾದದ್ದೇ ಅಷ್ಟು. ಎರಡನೆಯದು 0.48. ಆಮೇಲೆ ಬ್ಲೇಡಿನಿಂದ ಎರಡನ್ನೂ ಮೆಲ್ಲಗೆ ಕೆರೆದರು. ಮೊದಲನೆಯದು ಕೆರೆದಷ್ಟೂ ಕೆಂಪು. ಎರಡನೆಯದರಲ್ಲಿ ಒಂದೇ ಗೀರಿಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡಿತು. "ಇದು ಒಳಗೊಂದು ಹೊರಗೊಂದು" ಎಂದು ಭಾವ ಅದನ್ನು ಪಕ್ಕಕ್ಕೆ ಸರಿಸಿದರು. ಮೈಕ್ರೋಮೀಟರ್ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಬ್ಲೇಡ್ ಇರುತ್ತದೆ. ಡಬ್ಬಕ್ಕೆ ದುಡ್ಡು ಕೊಡುವ ಮೊದಲು ಒಂದು ಅಂಗುಲ ಕತ್ತರಿಸಿ ಕೆರೆದು ನೋಡಿ.

ತಂತಿಯ ತುದಿ ಕಟ್ಟುವುದನ್ನು ಅವಸರದವರ ಕೈಗೆ ಕೊಡಬೇಡಿ. ಎಂಟು ಎಳೆ, ನಾಲ್ಕು ಜೋಡಿ, ಪ್ರತಿ ಜೋಡಿಯ ಹೆಣಿಗೆ ಬೇರೆ ಬೇರೆ ಬಿಗಿ. ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲೆಂದೇ ಹಾಗೆ ಹೆಣೆದಿರುತ್ತಾರೆ. ಜಾಕಿಗೆ ಕೂರಿಸುವಾಗ ಅರ್ಧ ಇಂಚಿಗಿಂತ ಹೆಚ್ಚು ಹೆಣಿಗೆ ಬಿಚ್ಚಬಾರದು. ಬಣ್ಣದ ಸಾಲು ಎರಡೂ ತುದಿಗೆ ಒಂದೇ ಇರಬೇಕು: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎಂಟು ದೀಪ ಹೊತ್ತಿಸುವ ಸಣ್ಣ ಟೆಸ್ಟರ್ ಎಳೆ ತುಂಡಾಗಿಲ್ಲ ಎಂದಷ್ಟೇ ಹೇಳುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಎಷ್ಟು ವೇಗಕ್ಕೆ ಕೂಡಿಕೊಂಡಿದೆ ನೋಡಿ. 1000 ಬರಬೇಕಾದ ಕಡೆ 100 ಬಂದರೆ ನಾಲ್ಕು ಜೋಡಿಗಳಲ್ಲಿ ಒಂದಾದರೂ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಿ. 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು.

ಫೈಬರ್ ಒಳಬರುವ ದಾರಿಯನ್ನು ಮಾತ್ರ ಬಹುಪಾಲು ಮನೆಗಳಲ್ಲಿ ಯಾರೂ ಯೋಚಿಸಿರುವುದಿಲ್ಲ. ಸಂಪರ್ಕ ಕೊಡಲು ಬಂದ ಹುಡುಗರು ಕಂಬದಿಂದ ಎಳೆದು ತಂದ ತಂತಿಗೆ ದಾರಿ ಕಾಣದೆ ಹೊಸ ತೇಗದ ಕಿಟಕಿ ಚೌಕಟ್ಟಿಗೇ ಡ್ರಿಲ್ ಇಡುತ್ತಾರೆ. ತಾರಸಿಯ ಪ್ಯಾರಾಪೆಟ್ಟಿನಿಂದ ಒಂದು, ಕಾಂಪೌಂಡಿನ ಕಡೆಯಿಂದ ಒಂದು ಪೈಪನ್ನು ಆ ಆಗ್ನೇಯದ ಪೆಟ್ಟಿಗೆಗೆ ಇಳಿಸಿದ್ದೇವೆ, ಹೊರಗಿನ ಬಾಯಿ ಕೆಳಮುಖವಾಗಿ, ಮಳೆ ನೀರು ಒಳಗೆ ಹೋಗದ ಹಾಗೆ. ಗಾಜಿನೆಳೆಗೆ ಸಿಡಿಲಿನ ಭಯವೂ ಕಡಿಮೆ. ಪಕ್ಕದಲ್ಲೇ ಅಣ್ಣತಮ್ಮಂದಿರ ಎರಡು ಮನೆಗಳಿದ್ದು ಒಂದೇ ಸಂಪರ್ಕ ಹಂಚಿಕೊಳ್ಳುವುದಾದರೆ ನಡುವೆ ತಾಮ್ರ ಎಳೆಯಬೇಡಿ, ಫೈಬರನ್ನೇ ಎಳೆಯಿರಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಹೊರಗೆ ತೂಗಾಡುವ ತಾಮ್ರದ ತಂತಿ ಎರಡೂ ಮನೆಯ ಉಪಕರಣಗಳನ್ನು ಒಟ್ಟಿಗೇ ಸುಡಬಲ್ಲದು.

ಇನ್ನೊಂದು ಕೆಲಸ ಉಳಿದಿತ್ತು. ಮಂಗಳವಾರ ಬೆಳಿಗ್ಗೆ ಮಿಕ್ಸರ್ ಬರುವ ಮೊದಲು ಅಳಿಯ ಕಂಬಿಯ ಮೇಲೆ ಅಳತೆ ಟೇಪು ಹಾಸಿ, ಪ್ರತಿ ಪೈಪಿನ ಫೋಟೊ ತೆಗೆದ, ಗೋಡೆಯಿಂದ ಎಷ್ಟು ಅಡಿ ಎಂದು ಕಾಣುವ ಹಾಗೆ. ನಾಳೆ ಯಾರೋ ಪರದೆ ಕೊಂಡಿಗೋ ಉಯ್ಯಾಲೆಗೋ ಡ್ರಿಲ್ ಹಿಡಿದು ನಿಂತಾಗ ಕಾಂಕ್ರೀಟಿನೊಳಗಿನ ಪೈಪು ಕಣ್ಣಿಗೆ ಕಾಣುವುದಿಲ್ಲ. ನೀವೂ ತೆಗೆಯಿರಿ. ಫೋನಿನಲ್ಲೇ ಬಿಟ್ಟರೆ ಫೋನಿನ ಜೊತೆ ಹೋಗುತ್ತದೆ. ಪ್ರಿಂಟ್ ಹಾಕಿಸಿ ಮನೆಯ ಮಂಜೂರಾದ ನಕ್ಷೆ, ಖಾತೆ ಪತ್ರ ಇಡುವ ಕವರಿನಲ್ಲೇ ಇಡಿ.